ಬೀಗರ ಚಿಮಣಿ

ಚೆಲುವಮ್ಮ ತನ್ನ ಬೀಗರ ಮೇಲೆ ದೂರು ಕೊಟ್ಟಿದ್ದು ಅವರು ಬೀಗರಾಗುವ ಮೊದಲೇ. ಆಗ ಅವಳಿಗೆ ಕಾರ್ಖಾನೆಯ ಮಾಲೀಕರು ಕಪ್ಪೋ ಬಿಳುಪೋ ಅನ್ನುವುದು ಕೂಡ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವರ ಚಿಮಣಿ ಮಾತ್ರ.

ಮೇಟಗಳ್ಳಿಯಲ್ಲಿ ಅವಳ ಮನೆಯ ತಾರಸಿ ಹತ್ತಿದರೆ ಎದುರಿಗೇ ಆ ಚಿಮಣಿ ನಿಂತಿತ್ತು. ಅದು ಹಳೆಯ ಕಬ್ಬಿಣ ಕರಗಿಸಿ ಚರಂಡಿ ಮುಚ್ಚಳ, ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಫೌಂಡ್ರಿ. ಕುಲುಮೆ ಹಚ್ಚಿದ ದಿನ ಕಪ್ಪು ಹೊಗೆ ಎದ್ದು, ಗಾಳಿ ಬೀಸಿದ ಕಡೆಗೆ ಮಸಿ ಉದುರುತ್ತಿತ್ತು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಶಬರಿಮಲೆಗೆ ಹೊರಟವರ ಪಂಚೆಯಾಗುತ್ತಿತ್ತು. ಪಂಚೆಯ ಯಜಮಾನ, ಅಂದರೆ ಚೆಲುವಮ್ಮನ ಗಂಡ ಬೀರಯ್ಯ, ಬಸ್ ಡ್ರೈವರ್ ಆಗಿ ನಿವೃತ್ತನಾದವನು. "ಹೊಗೆ ಅಂದ್ರೆ ನಂಗೆ ಅಭ್ಯಾಸ ಕಣೆ, ಬುಡು" ಎಂದು ಸುಮ್ಮನಿರುತ್ತಿದ್ದ. ಚೆಲುವಮ್ಮ ಸುಮ್ಮನಿರುವವಳಲ್ಲ. ಅಂಗನವಾಡಿಯಲ್ಲಿ ಇಡೀ ಬೀದಿಯ ಮಕ್ಕಳನ್ನು ಸಾಲಾಗಿ ಕೂರಿಸಿ, ಮೂಗು ಒರೆಸಿ, ಊಟ ಮಾಡಿಸಿದ ಕೈ ಅದು. ಪಕ್ಕದ ಮನೆಯ ಮಗುವಿನ ಕೆಮ್ಮು ಎರಡು ತಿಂಗಳಾದರೂ ನಿಲ್ಲದಿದ್ದಾಗ ಅವಳು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟು ಬಂದಳು.

ಅದಾದ ಮೇಲೆ ಮಗಳು ಹೇಮಶ್ರೀ ಒಂದು ಸಂಜೆ, ತಾನು ಅಭಿನವ ಎಂಬ ಹುಡುಗನನ್ನು ಮೆಚ್ಚಿದ್ದೇನೆ, ಅವನ ಮನೆಯವರು ಭಾನುವಾರ ಬರುತ್ತಾರೆ ಎಂದಳು. ಬಂದರು. ಹುಡುಗ ಒಳ್ಳೆಯವನು. ಅವನ ಅಪ್ಪ ವಿಜಯ್‌ಕುಮಾರ್ ದೊಡ್ಡ ದನಿಯ, ದೊಡ್ಡ ನಗೆಯ ಮನುಷ್ಯ. ಎಲ್ಲರಿಗೂ ಎಲ್ಲ ಒಪ್ಪಿಗೆಯಾಗಿ ಒಬ್ಬಟ್ಟು ತಿನ್ನುತ್ತಿರುವಾಗ ಅವರು ಹೇಳಿದರು:

"ನಮ್ಮನೆ ವಿದ್ಯಾರಣ್ಯಪುರಂನಲ್ಲಿ ಅಕ್ಕಾ. ಆದ್ರೆ ನಮ್ಮ ಫೌಂಡ್ರಿ ಇಲ್ಲೇ, ನಿಮ್ಮ ಮೇಟಗಳ್ಳೀಲೇ. ನೋಡಿರ್ತೀರ. ಚಿಮಣಿ ದೂರಕ್ಕೇ ಕಾಣುತ್ತೆ."

ಚೆಲುವಮ್ಮನ ಒಬ್ಬಟ್ಟು ಗಂಟಲಲ್ಲೇ ನಿಂತಿತು. ಬೀರಯ್ಯ ನೀರಿನ ಲೋಟ ತಳ್ಳಿದ.

"ಕಾಣುತ್ತೆ," ಎಂದಳು ಅವಳು ನೀರು ಕುಡಿದು. "ಚೆನ್ನಾಗಿ ಕಾಣುತ್ತೆ."

ಮದುವೆಯ ದಿನ ನಿಶ್ಚಯವಾಯಿತು. ಅದರ ಮಾರನೆಯ ವಾರವೇ ಮಂಡಳಿಯಿಂದ ಫೋನು. ಮಾತಾಡಿದವಳು ಪರಿಸರ ಅಧಿಕಾರಿ ಗೌತಮಿ. ಚಿಕ್ಕ ವಯಸ್ಸಿನವಳು, ಆದರೆ ದನಿಯಲ್ಲಿ ಹೆಡ್‌ಮೇಡಂ ಗತ್ತು. ನಿಮ್ಮ ದೂರಿನ ಮೇಲೆ ತಪಾಸಣೆಗೆ ಹೋಗುತ್ತಿದ್ದೇವೆ ಎಂದಳು. ಪಕ್ಕದಲ್ಲಿದ್ದ ಬೀರಯ್ಯ ಎರಡೂ ಕೈ ಆಡಿಸಿದ. "ವಾಪಸ್ ತಗೋ, ವಾಪಸ್ ತಗೋ! ಮಗಳ ಮದುವೆ ಕಣೇ!"

"ಮೇಡಂ," ಎಂದಳು ಚೆಲುವಮ್ಮ, "ದೂರು ವಾಪಸ್ ತಗೋಬಹುದಾ?"

"ನೀವು ದೂರು ವಾಪಸ್ ತಗೋಬಹುದಮ್ಮ. ಅವರು ಹೊಗೆ ವಾಪಸ್ ತಗೋತಾರಾ?"

ಪಕ್ಕದ ಮನೆಯಿಂದ ಮಗು ಕೆಮ್ಮುವುದು ಕೇಳಿಸಿತು. "ಹೋಗ್ಬನ್ನಿ ಮೇಡಂ," ಎಂದು ಚೆಲುವಮ್ಮ ಫೋನ್ ಇಟ್ಟಳು. ಬೀರಯ್ಯ ಆ ದಿನ ಊಟಕ್ಕೆ ಕೂತರೂ ಅನ್ನ ಕಲಸುತ್ತಲೇ ಇದ್ದ.

ವಿಜಯ್‌ಕುಮಾರ್ ಗೌತಮಿಯನ್ನು ಸ್ವಂತ ನೆಂಟರ ಹಾಗೆ ಬರಮಾಡಿಕೊಂಡರು. ಕಾಫಿ ತರಿಸಿದರು. ಅವಳು ಬೇಡ ಎಂದಳು. ಮೈಸೂರುಪಾಕು ತರಿಸಿದರು. ಅದನ್ನೂ ಬೇಡ ಎಂದಳು. ಕೊನೆಗೆ ಹೊಗೆ ಸೋಸುವ ಯಂತ್ರದ ಹತ್ತಿರ ಕರೆದುಕೊಂಡು ಹೋದರು. ಒಂದು ಅಂತಸ್ತಿನ ಮನೆಯಷ್ಟು ಎತ್ತರದ ತಗಡಿನ ಬೀರು ಅದು. ಒಳಗೆ ಬಟ್ಟೆಯ ಉದ್ದುದ್ದ ಚೀಲಗಳನ್ನು ತೂಗುಹಾಕಿರುತ್ತಾರೆ. ಕುಲುಮೆಯ ಹೊಗೆ ಆ ಚೀಲಗಳನ್ನು ದಾಟಿ ಹೋಗಬೇಕು. ಕಾಫಿ ಸೋಸುವ ಬಟ್ಟೆಯಲ್ಲಿ ಚರಟ ಉಳಿಯುವ ಹಾಗೆ ಮಸಿಯೆಲ್ಲ ಚೀಲದಲ್ಲೇ ಉಳಿದು, ತಿಳಿಯಾದ ಗಾಳಿ ಮಾತ್ರ ಚಿಮಣಿಗೆ ಹೋಗಬೇಕು. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ಕಳೆದ ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ನೇತಾಡುತ್ತಿತ್ತು.

"ಕಾನೂನು ಅಂದ್ರೆ ಕಾನೂನು ಮೇಡಂ. ದಿನಾ ಓಡುತ್ತೆ ಇದು," ಎಂದರು ವಿಜಯ್‌ಕುಮಾರ್.

"ಬಾಗಿಲು ತೆಗೆಸಿ," ಎಂದಳು ಗೌತಮಿ.

ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚಿ ಬಾಗಿಲು ಎಳೆದದ್ದೇ ತಡ, ಒಳಗಿಂದ ಎರಡು ಪಾರಿವಾಳ ರಪ್ಪನೆ ಹಾರಿ ವಿಜಯ್‌ಕುಮಾರರ ತಲೆಯ ಮೇಲಿಂದಲೇ ಹೋದವು. ಅವರು ಕೂದಲು ಸರಿಮಾಡಿಕೊಂಡರು.

"ಇವತ್ತು ಬೆಳಿಗ್ಗೆ ನುಗ್ಗಿರ್ಬೇಕು ಮೇಡಂ."

ಗೌತಮಿ ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿದಳು. "ಬೆಳಿಗ್ಗೆ ನುಗ್ಗಿ, ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರೀನೂ ಮಾಡ್ಬಿಟ್ಟಿವೆ ಸಾರ್. ಬಹಳ ಚುರುಕು ಪಾರಿವಾಳ."

ಕೆಲಸಗಾರರು ನಗು ತಡೆಯಲಾರದೆ ಆಚೆ ತಿರುಗಿಕೊಂಡರು. ಒಳಗೆ ಚೀಲಗಳು ಸುಟ್ಟು ತೂತಾಗಿ ಜೋತಾಡುತ್ತಿದ್ದವು. ಹೊಗೆ ಯಂತ್ರಕ್ಕೆ ಹೋಗದೆ ಅಡ್ಡದಾರಿಯ ಕೊಳವೆಯೊಂದರಿಂದ ನೇರ ಚಿಮಣಿ ಸೇರುತ್ತಿತ್ತು. ಗೌತಮಿಯ ಜೊತೆ ಬಂದವರು ಚಿಮಣಿಯ ಏಣಿ ಹತ್ತಿ, ಕುಲುಮೆ ಉರಿಯುತ್ತಿರುವಾಗಲೇ ಹೊಗೆಯ ಮಾದರಿ ತೆಗೆದುಕೊಂಡರು. ಕೆಲವು ದಿನಗಳಲ್ಲಿ ಆದೇಶ ಬಂತು: ದೂಳು ಮಿತಿಗಿಂತ ಎಷ್ಟೋ ಜಾಸ್ತಿ, ಯಂತ್ರ ಸರಿಮಾಡಿಸಿ, ಮತ್ತೆ ಅಳತೆಯಾಗುವ ತನಕ ಉತ್ಪಾದನೆ ನಿಲ್ಲಿಸಬೇಕು.

ಆ ಭಾನುವಾರ ವಿಜಯ್‌ಕುಮಾರ್ ಹೇಳದೆ ಕೇಳದೆ ಚೆಲುವಮ್ಮನ ಮನೆಗೆ ಬಂದು ಸೋಫಾದಲ್ಲಿ ಕುಸಿದರು.

"ಯಾರೋ ಹೊಟ್ಟೆಕಿಚ್ಚಿನೋರು ಅಕ್ಕಾ! ನಂಗೆ ಗೊತ್ತು ಯಾರು ಅಂತ. ತಿರುವಲ್ಲಿ ಗ್ಯಾರೇಜ್ ಇಟ್ಟಿದ್ದಾನಲ್ಲ, ಸಿದ್ದಪ್ಪಾಜಿ, ಅವ್ನೇ! ನನ್ನ ಮಗನ ಮದುವೆ ಹೊತ್ತಿಗೆ ಸರಿಯಾಗಿ ಕಲ್ಲು ಹಾಕಿದ. ನೀವು ಇಲ್ಲೇ ಇರೋರು, ಸ್ವಲ್ಪ ವಿಚಾರಿಸಿ ಹೇಳಿ."

ಬೀರಯ್ಯ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಂಡ. ಚೆಲುವಮ್ಮ ಅಡಿಗೆಮನೆಗೆ ಹೋಗಿ ಎಣ್ಣೆ ಕಾಯಿಸಿ, ಮದುವೆಗೆಂದು ಮಾಡಿ ತಾರಸಿಯಲ್ಲಿ ಒಣಗಿಸಿದ್ದ ಅಕ್ಕಿ ಸಂಡಿಗೆಯನ್ನು ಕರಿದು ತಟ್ಟೆಯಲ್ಲಿ ತಂದಿಟ್ಟಳು. ಬೀಗರು ಕೋಪದಲ್ಲೇ ಒಂದು ಮುರಿದರು. ಇನ್ನೊಂದು ಮುರಿದರು.

"ಏನು ಚೆನ್ನಾಗಿದೆ ಅಕ್ಕಾ! ಕರಿ ಎಳ್ಳು ಹಾಕಿದೀರಾ?"

"ಎಳ್ಳಲ್ಲ ಬೀಗರೇ."

"ಮತ್ತೆ? ಓಮ?"

"ನಿಮ್ಮ ಫೌಂಡ್ರಿ ಮಸಿ."

ವಿಜಯ್‌ಕುಮಾರರ ಕೈ ಬಾಯಿಯ ಹತ್ತಿರವೇ ನಿಂತಿತು.

"ಸಿದ್ದಪ್ಪಾಜಿನ ಬಯ್ಬೇಡಿ, ಪಾಪ," ಎಂದಳು ಚೆಲುವಮ್ಮ. "ದೂರು ಕೊಟ್ಟೋಳು ನಾನೇ. ಸಂಬಂಧ ಕೂಡೋಕೆ ಮುಂಚೆ ಕೊಟ್ಟಿದ್ದು. ಆಮೇಲೆ ವಾಪಸ್ ತಗೋಬಹುದಿತ್ತು, ತಗೊಳ್ಳಲಿಲ್ಲ. ಸುಳ್ಳು ಯಾಕೆ ಹೇಳ್ಲಿ."

ಅವರು ಎದ್ದರು. ಹೋಗಿ ಬರ್ತೀನಿ ಅನ್ನಲಿಲ್ಲ, ಹೋಗ್ತೀನಿ ಅನ್ನಲಿಲ್ಲ. ಬಾಗಿಲಲ್ಲಿ ಸಿಕ್ಕಿದ ಚಪ್ಪಲಿಗೆ ಕಾಲು ತೂರಿಸಿ ದಡದಡ ಇಳಿದು ಹೋದರು. ಆಮೇಲೆ ನೋಡಿದರೆ ಅವರು ಹಾಕಿಕೊಂಡು ಹೋಗಿದ್ದು ಬೀರಯ್ಯನ ಸವೆದ ಚಪ್ಪಲಿ. ಅವರ ಹೊಸ ಚರ್ಮದ ಚಪ್ಪಲಿ ಬಾಗಿಲಲ್ಲೇ ಹೊಳೆಯುತ್ತಿತ್ತು.

ಹೇಮಶ್ರೀ ಕೋಣೆಯಿಂದ ಬಂದು ಅಮ್ಮನ ಪಕ್ಕ ಕೂತಳು. ಚೆಲುವಮ್ಮನ ಕಣ್ಣು ತುಂಬಿತ್ತು. "ನಿನ್ನ ಮದುವೆ ನಾನೇ ಕೆಡಿಸ್ಬುಟ್ನೇನೇ?"

"ಅಭಿನವ ಅವರಪ್ಪಂಗೆ ವರ್ಷದಿಂದ ಯಂತ್ರ ಸರಿಮಾಡ್ಸಿ ಅಂತಾನೇ ಹೇಳ್ತಿದ್ದಾನೆ ಅಮ್ಮ. ನಾನು ವಿಷ್ಯ ತಿಳಿಸಿದ್ದಕ್ಕೆ, ನೀನು ಒಳ್ಳೇ ಕೆಲ್ಸ ಮಾಡ್ದೆ ಅಂತ ಈಗ ತಾನೇ ಮೆಸೇಜ್ ಹಾಕ್ದ," ಎಂದಳು ಮಗಳು. ಆದರೂ ವಾರವಿಡೀ ಬೀಗರ ಮನೆಯಿಂದ ಫೋನಿಲ್ಲ. ಕೊನೆಗೆ ಚೆಲುವಮ್ಮ ಆ ಚಪ್ಪಲಿಗಳನ್ನು ಕವರಿನಲ್ಲಿ ಹಾಕಿಕೊಂಡು ಫೌಂಡ್ರಿಗೆ ತಾನೇ ಹೊರಟಳು.

ಕುಲುಮೆ ತಣ್ಣಗಿತ್ತು. ವಿಜಯ್‌ಕುಮಾರ್ ಬಾಗಿಲು ತೆರೆದ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಪಾರಿವಾಳದ ಗೂಡನ್ನು ಆಫೀಸಿನ ವೆಂಟಿಲೇಟರಿಗೆ ಅವರೇ ಎತ್ತಿಟ್ಟಿದ್ದರಂತೆ. ಕಾಲಲ್ಲಿ ಇನ್ನೂ ಬೀರಯ್ಯನ ಚಪ್ಪಲಿ.

"ನೇರವಾಗಿ ನಂಗೇ ಬಂದು ಹೇಳ್ಬಹುದಿತ್ತಲ್ಲ ಅಕ್ಕಾ," ಎಂದರು, ತಲೆಯೆತ್ತದೆ.

"ಬಂದಿದ್ದೆ ಕಣ್ರೀ. ಎರಡು ಸಲ ಬಂದೆ. ಸಾಹೇಬ್ರು ಇಲ್ಲ ಅಂತ ಗೇಟಲ್ಲೇ ಕಳಿಸಿದ್ರು."

ಯಾರು ಬಂದರೂ ಹಾಗೆ ಹೇಳು ಎಂದು ಗೇಟಿನವನಿಗೆ ಹೇಳಿಕೊಟ್ಟವರು ತಾವೇ ಎಂಬುದು ಅವರಿಗೆ ನೆನಪಾಯಿತೋ ಏನೋ, ಕಿವಿ ಕೆಂಪಾಯಿತು. ಆಮೇಲೆ ನಿಧಾನವಾಗಿ ಬಾಯಿಬಿಟ್ಟರು. ಯಂತ್ರ ಹಾಕಿಸಿದ ಹೊಸದರಲ್ಲಿ ಚೆನ್ನಾಗಿಯೇ ಓಡಿತ್ತು. ಆದರೆ ಹೊಗೆಯ ಜೊತೆ ಕಿಡಿ ಬಂದು ಚೀಲ ಸುಟ್ಟುಹೋದವು. ಹೊಸ ಚೀಲ ಬರುವ ತನಕ, ಒಂದೇ ಒಂದು ದಿನಕ್ಕೆ ಅಂತ, ಅಡ್ಡದಾರಿ ತೆಗೆಸಿದರು. ಆ ಒಂದು ದಿನ ಮುಗಿಯಲೇ ಇಲ್ಲ.

"ನಮ್ಮ ಅಂಗನವಾಡಿ ಮಕ್ಳೂ ಹಿಂಗೇ," ಎಂದಳು ಚೆಲುವಮ್ಮ. "ಒಂದೇ ಒಂದು ಸಲ ಅಂತ ಮಣ್ಣು ತಿಂತಾವೆ. ನಿಮ್ಮನೆ ವಿದ್ಯಾರಣ್ಯಪುರಂನಲ್ಲಿ ಬೀಗರೇ. ಅಲ್ಲಿಗೆ ಈ ಹೊಗೆ ಬರಲ್ಲ. ಕುಲುಮೆ ಹಚ್ಚಿದ ದಿನ ಒಂದ್ಸಲ ನಮ್ಮ ತಾರಸಿ ಮೇಲೆ ಕೂತು ಊಟ ಮಾಡಿ. ಆಮೇಲೆ ನನ್ನ ಮೇಲೆ ಕೋಪ ಮಾಡ್ಕೊಳ್ಳಿ. ಪಕ್ಕದ ಮನೆ ಕೂಸು ಕೆಮ್ಮಿ ಕೆಮ್ಮಿ ಮೂಳೆ ಕಾಣ್ತಾ ಇದೆ ಕಣ್ರೀ."

ವಿಜಯ್‌ಕುಮಾರ್ ಕಾಲಿನ ಚಪ್ಪಲಿ ಕಳಚಿ ಅವಳ ಕವರಿನ ಪಕ್ಕ ಜೋಡಿಸಿಟ್ಟರು. "ನಿಮ್ಮ ಯಜಮಾನರ ಚಪ್ಪಲಿ ಹಿಮ್ಮಡಿ ಹತ್ರ ಚುಚ್ಚುತ್ತೆ ಅಕ್ಕಾ. ವಾರದಿಂದ ಕುಂಟ್ತಾ ಇದೀನಿ," ಎಂದರು. ಚೆಲುವಮ್ಮ ನಕ್ಕಳು. ಅವರೂ ನಕ್ಕರು. ತಮ್ಮ ಹಳೆಯ ದೊಡ್ಡ ನಗೆಯನ್ನೇ ನಕ್ಕರು.

ಕೆಲಸ ಶುರುವಾಯಿತು. ಅಭಿನವ ಓಡಾಡಿ ಹೆಚ್ಚು ಶಾಖ ತಡೆಯುವ ಚೀಲಗಳನ್ನು ತರಿಸಿದ. ಚೀಲ ಮುಟ್ಟುವ ಮೊದಲೇ ಕಿಡಿ ಹಿಡಿಯುವ ಡಬ್ಬ ಕೂರಿಸಿದರು, ಹೊಗೆ ಆರಲಿ ಎಂದು ಸುತ್ತಿ ಬಳಸಿ ಬರುವ ಉದ್ದ ಕೊಳವೆ ಹಾಕಿದರು. ಅಡ್ಡದಾರಿಯ ಬಾಯಿಗೆ ತಗಡು ಇಟ್ಟು ವೆಲ್ಡ್ ಮಾಡಿಸುವಾಗ ವಿಜಯ್‌ಕುಮಾರ್ ಪಕ್ಕದಲ್ಲೇ ನಿಂತು, "ಇನ್ನೊಂದು ಸುತ್ತು ಹಾಕಪ್ಪ, ನಂಗೇ ನನ್ನ ಮೇಲೆ ನಂಬಿಕೆ ಇಲ್ಲ" ಎಂದರಂತೆ.

ಪರೀಕ್ಷೆಗೆಂದು ಅನುಮತಿ ಪಡೆದು ಕುಲುಮೆ ಹಚ್ಚಿದ ದಿನ ಗೌತಮಿಯ ತಂಡ ಮತ್ತೆ ಏಣಿ ಹತ್ತಿತು. ಇತ್ತ ಚೆಲುವಮ್ಮ ತಾರಸಿಯಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತಳು. ನಿಂತೇ ನಿಂತಳು. ಚಿಮಣಿಯ ತುದಿಯಲ್ಲಿ ಬಿಸಿಗೆ ಗಾಳಿ ಅಲುಗಿದಂತೆ ಕಾಣುತ್ತಿತ್ತು, ಅಷ್ಟೇ. ತಡೆಯಲಾರದೆ ಫೋನ್ ಮಾಡಿದಳು.

"ಬೀಗರೇ, ಯಾವಾಗ ಹಚ್ತೀರಾ?"

"ಹಚ್ಚಿ ಆಗ್ಲೇ ಎರಡು ಗಂಟೆ ಆಯ್ತು ಕಣಕ್ಕಾ!" ಅತ್ತ ಕಡೆಯಿಂದ ಬಂದ ಕೂಗು ಫೋನಿಲ್ಲದೆಯೂ ಕೇಳಿಸುವಂತಿತ್ತು.

ದೂಳು ಮಿತಿಯೊಳಗಿದೆ ಎಂದು ವರದಿ ಬಂತು, ಫೌಂಡ್ರಿ ಮತ್ತೆ ನಡೆಸಲು ಒಪ್ಪಿಗೆಯೂ ಬಂತು. ಗೌತಮಿ ಅಭಿನಂದನೆ ಹೇಳಿ, ಇನ್ನು ಮುಂದೆ ಹೇಳದೆ ಬರುತ್ತೇನೆ ಎಂದೂ ಸೇರಿಸಿದಳು. "ಬನ್ನಿ ಮೇಡಂ, ದಿನಾ ಬನ್ನಿ," ಎಂದರು ವಿಜಯ್‌ಕುಮಾರ್. ನಿಜವಾಗಿಯೂ ಅವರಿಗೆ ಈಗ ಯಾರಾದರೂ ಬಂದು ನೋಡಿದರೆ ಸಾಕಾಗಿತ್ತು.

ಮದುವೆ ಚೆನ್ನಾಗಿ ನಡೆಯಿತು. ಬೀಗರೂಟದ ದಿನ ಊಟ ಮುಗಿಸಿ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿರುವಾಗ ವಿಜಯ್‌ಕುಮಾರ್ ಎರಡು ವ್ಯಾನು ತರಿಸಿ, "ಹತ್ತಿ, ಎಲ್ಲಾರೂ ಹತ್ತಿ, ಒಂದು ಒಳ್ಳೇ ಜಾಗ ತೋರಿಸ್ತೀನಿ" ಎಂದರು. ರೇಷ್ಮೆ ಸೀರೆಯ ಅತ್ತೆಯರು, ಜರಿ ಶಲ್ಯದ ಮಾವಂದಿರು ಚಾಮುಂಡಿ ಬೆಟ್ಟಕ್ಕೆ ಅಂದುಕೊಂಡು ಉತ್ಸಾಹದಿಂದ ಹತ್ತಿದರು. ವ್ಯಾನು ಫೌಂಡ್ರಿಯ ಗೇಟಿನೊಳಗೆ ನುಗ್ಗಿತು. ವಿಜಯ್‌ಕುಮಾರ್ ಯಂತ್ರದ ಕೆಳಗಿನ ಡ್ರಮ್ಮಿನ ಮುಚ್ಚಳ ಎತ್ತಿ, ಅದರ ತುಂಬ ಇದ್ದ ಕಪ್ಪು ಪುಡಿಯನ್ನು ಒಡವೆ ತೋರಿಸುವವರ ಹಾಗೆ ತೋರಿಸಿದರು. ನೆಂಟರು ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದರು.

"ಬೆಟ್ಟಕ್ಕೆ ಅಂದ್ಕೊಂಡಿದ್ನಲ್ಲೇ," ಎಂದು ಬೀರಯ್ಯ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಸುಮ್ಕಿರಿ," ಎಂದಳು ಚೆಲುವಮ್ಮ. "ಇನ್ನೂ ಚಿಮಣಿ ಏಣಿ ಹತ್ತಿಸ್ತಾರಂತೆ."

ಆ ಹೊತ್ತಿಗಾಗಲೇ ಹೇಮಶ್ರೀ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿಯ ಮೊದಲ ಮೆಟ್ಟಿಲ ಮೇಲಿದ್ದಳು.