ತಿಲಮಾಯಾ ಫೋನ್ ಎತ್ತಿದಳು

ನಮ್ಮ ಆಕ್ರನ್ ಊರಿನ ಬಾಡಿಗೆ ಮನೆಗಳಲ್ಲಿ ಗುರುತಿಲ್ಲದ ನಂಬರಿನಿಂದ ಫೋನ್ ಬಂತೆಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅತ್ತೆ ಅದನ್ನು ಸೊಸೆಯ ಕೈಗೆ ದಾಟಿಸುತ್ತಾಳೆ, ಸೊಸೆ ದಿಂಬಿನ ಕೆಳಗೆ ತುರುಕುತ್ತಾಳೆ. ಭೂತಾನ್ ಬಿಟ್ಟು, ನೇಪಾಳದ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದು, ಅಮೆರಿಕದವರೆಗೆ ಬಂದ ಗಟ್ಟಿ ಜನ ನಾವು. ಹೆದರುವುದು ಮಾತ್ರ ಫೋನಿಗೆ!

ನಾನು ಪವಿತ್ರಾ. ಲೈಬ್ರರಿಯಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸಿನಲ್ಲಿ ಟೀಚರ್ ಡೋನಾಗೆ ಜೊತೆಯಾಗಿ ನಿಂತು, ಅರ್ಥವಾಗದ್ದನ್ನು ನೇಪಾಳಿಯಲ್ಲಿ ಹೇಳಿಕೊಡುವವಳು. ನಮ್ಮ ಕೆಳಗಿನ ಮನೆಯ ತಿಲಮಾಯಾ ಆಗ ಏಳು ತಿಂಗಳ ಬಸುರಿ. ಗಂಡ ಲೋಕನಾಥ ಗೋದಾಮಿನ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ, ಅಲ್ಲಿ ಫೋನ್ ಬೀಗದೊಳಗೆ. ಮನೆಯಲ್ಲಿ ಇವಳು ಮತ್ತು ಅತ್ತೆ ಗೌರಾ ಆಮಾ, ಇಬ್ಬರೇ. ಹಗಲಲ್ಲಿ ನೋವು ಬಂದರೆ ಆಂಬುಲೆನ್ಸ್ ಕರೆಯುವವರು ಯಾರು? ನನಗೆ ಅದೇ ಚಿಂತೆ.

"ನಡಿಯೇ ಕ್ಲಾಸಿಗೆ," ಎಂದೆ.

"ಬೇಡ ದೀದಿ. ಒಂದ್ಸಲ ಬೇರೆ ಕ್ಲಾಸಿಗೆ ಹೋಗಿ ಮಾನ ಕಳ್ಕೊಂಡು ಬಂದಿದೀನಿ. ಎಲ್ಲರ ಮುಂದೆ ನಿಲ್ಸಿ, ನಿನ್ನ ಗಂಡನ ಹೆಸರೇನು ಅಂತ ಕೇಳಿದ್ರು. ಅದನ್ನ ಹೆಂಗೆ ಹೇಳೋದು? ಸುಮ್ನೆ ನಿಂತೆ. ನೇಪಾಳಿ ಮಾತಾಡೋ ಹಾಗಿಲ್ಲ ಅಂತ ಬೇರೆ ರೂಲ್ಸು. ಇವಳ ತಲೆಗೇನೂ ಹತ್ತಲ್ಲ ಅಂದ್ಕೊಂಡ್ರು."

ಸೊಪ್ಪು ಸೋಸುತ್ತಿದ್ದ ಗೌರಾ ಆಮಾ ಬಾಯಿ ಹಾಕಿದರು. "ಗಂಡನ ಹೆಸರು ಕೂಗೋಕೆ ಕಲಿಸೋ ಶಾಲೆ ನಮಗ್ಯಾಕಮ್ಮ? ನಾನು ಮಕ್ಕಳನ್ನ ಹೆತ್ತಿದ್ದು ಇಂಗ್ಲಿಷಲ್ಲಾ?"

"ನೀವು ಹೆರೋವಾಗ ಸೂಲಗಿತ್ತಿ ಪಕ್ಕದ ಮನೇಲಿದ್ಲು ಆಮಾ. ಒಂದು ಕೂಗು ಹಾಕಿದ್ರೆ ಓಡಿ ಬರ್ತಿದ್ಲು. ಇಲ್ಲಿ ಫೋನಲ್ಲಿ ಕೂಗ್ಬೇಕು, ಅದೂ ಅವರ ಭಾಷೇಲಿ."

ಆಮಾ ಮುಖ ಊದಿಸಿಕೊಂಡರು. ತಿಲಮಾಯಾ ಮಾತ್ರ ಚಪ್ಪಲಿ ಮೆಟ್ಟಿ ಹೊರಟಳು.

ಗಂಡನ ಹೆಸರೆತ್ತದ ನಮ್ಮ ರಿವಾಜನ್ನು ಡೋನಾಗೆ ಹೇಳಿದೆ. "ಹಾಗಾದ್ರೆ ಆ ಪ್ರಶ್ನೇನೇ ಬೇಡ. ಅವಳಿಗೆ ಈಗ ಏನು ಬೇಕೋ ಅದನ್ನ ಮೊದಲು ಕಲಿಸೋಣ. ಬಾಯಿ ಬಿಡೋಕೆ ಅವಸರ ಇಲ್ಲ, ಕೇಳ್ಕೊಂಡು ಕೂತ್ಕೊಳ್ಳಲಿ," ಎಂದರು ಆ ಪುಣ್ಯಾತ್ಗಿತ್ತಿ.

ಆಮೇಲೆ ನಡೆದದ್ದು ಪಾಠವೋ ನಾಟಕವೋ ಹೇಳುವುದು ಕಷ್ಟ. ಡೋನಾ ಬಾಳೆಹಣ್ಣನ್ನು ಕಿವಿಗಿಟ್ಟುಕೊಂಡು ಆಂಬುಲೆನ್ಸಿನವರಾದರು. ಕ್ಲಾಸಿನ ಮುದುಕಪ್ಪನೊಬ್ಬ ಅಂಗಿಯೊಳಗೆ ಕೋಟು ತುರುಕಿಕೊಂಡು ಬಸುರಿಯಾದ! ಅವನ ನರಳಾಟ ನೋಡಿ ತಿಲಮಾಯಾ ಹೊಟ್ಟೆ ಹಿಡಿದು ನಕ್ಕಳು. ಕೆಲವು ವಾರ ಬರೀ ಕೇಳಿದಳು. ಒಂದು ದಿನ ತಾನೇ ಎದ್ದು ಬಾಳೆಹಣ್ಣು ಕಿತ್ತುಕೊಂಡಳು. ಅವಳು ತಪ್ಪು ಮಾತಾಡಿದರೆ ಡೋನಾ ಬೈಯುತ್ತಿರಲಿಲ್ಲ, ಸರಿಯಾದ ಮಾತನ್ನು ನಗುತ್ತಾ ತಾವೇ ಒಮ್ಮೆ ಹೇಳುತ್ತಿದ್ದರು. ಮನೆ ವಿಳಾಸ ಬಾಯಿಗೆ ಬಂತು. ಮಾತು ತಡವರಿಸಿದರೆ "ನೇಪಾಳಿ, ಪ್ಲೀಸ್" ಎಂದು ದುಭಾಷಿಯನ್ನು ಕೇಳಬಹುದು ಎಂಬುದೂ ತಿಳಿಯಿತು.

ಒಂದು ಮಧ್ಯಾಹ್ನ ಬಳೆಯಂಥ ಸಿಹಿ ಸೆಲ್ ರೊಟ್ಟಿ ಕರಿಯುತ್ತಿದ್ದಾಗಲೇ ತಿಲಮಾಯಾಗೆ ನೋವು ಬಂತು. ಆಮಾ ಗಾಬರಿಯಿಂದ ಮೆಟ್ಟಿಲು ಹತ್ತಿ ನನ್ನ ಬಾಗಿಲು ಬಡಿದರಂತೆ. ನಾನು ಲೈಬ್ರರಿಯಲ್ಲಿದ್ದೆ. ಅವರು ಕೆಳಗೆ ಬರುವಷ್ಟರಲ್ಲಿ ತಿಲಮಾಯಾ ಒಲೆ ಆರಿಸಿ, ಗೋಡೆಗೊರಗಿ ಕೂತು, ಫೋನಿನಲ್ಲಿ ಮಾತಾಡುತ್ತಿದ್ದಳು. ಬೇಬಿ ಕಮಿಂಗ್ ಎಂದಳು, ವಿಳಾಸ ಹೇಳಿದಳು, ಉಸಿರು ಸಾಲದಾದಾಗ ನೇಪಾಳಿ ಕೇಳಿದಳು. ಆಂಬುಲೆನ್ಸ್ ಬಾಗಿಲಿಗೇ ಬಂತು.

ಮಾರನೆಯ ದಿನ ಬಾಣಂತಿಗೆ ಓಮದ ಸಾರು ಹಿಡಿದು ಆಸ್ಪತ್ರೆಗೆ ಹೋದೆ. ಬೆಣ್ಣೆಮುದ್ದೆಯಂಥ ಹೆಣ್ಣುಮಗು. ಲೋಕನಾಥನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ಕಂಡವರಿಗೆಲ್ಲ ಲಡ್ಡು ಹಂಚುತ್ತಿದ್ದ. ಗೌರಾ ಆಮಾ ಮಾತ್ರ ನನ್ನ ಕೈ ಹಿಡಿದು ಮೂಲೆಗೆ ಎಳೆದುಕೊಂಡು ಹೋದರು.

"ನಿನ್ನೆ ನರ್ಸಮ್ಮ ನಗ್ತಾ ಆಚೆ ಬಂದು ಮೊದಲು ನಂಗೇ ಇಂಗ್ಲಿಷಲ್ಲಿ ಏನೋ ಹೇಳಿದ್ಲು ಕಣೇ. ನಾನೂ ನಕ್ಕು ತಲೆ ಆಡಿಸ್ದೆ. ಹೆಣ್ಣೋ ಗಂಡೋ ಗೊತ್ತಾಗಿದ್ದು ಮಗ ಕೆಲಸದಿಂದ ಬಂದ್ಮೇಲೆ. ಮೊಮ್ಮಗಳ ಸುದ್ದಿ ನನ್ನ ಕಿವಿಗೇ ಬಂದು ಬಿತ್ತು, ನಂಗೇ ತಿಳೀಲಿಲ್ಲ." ಕಣ್ಣೊರೆಸಿಕೊಂಡರು. "ಸೋಮವಾರ ಕ್ಲಾಸ್ ಎಷ್ಟು ಹೊತ್ತಿಗೆ?"

ನನಗೆ ಕುಣಿಯಬೇಕೆನಿಸಿತು. ಈಗ ಆಮಾ ಮುಂದಿನ ಸಾಲಿನಲ್ಲೇ ಕೂರುತ್ತಾರೆ, ಬೇರೆಯವರ ಬಾಯಿಗೆ ಬಂದ ಮಾತನ್ನೂ ತಾವೇ ಹೇಳಿಬಿಡುತ್ತಾರೆ.

ಅಕ್ಕ ತಂಗಿಯರೇ, ಆಮಾಗಳೇ, ಅಜ್ಜಂದಿರೇ, ವಯಸ್ಸಾಯಿತು ಎನ್ನಬೇಡಿ. ಒಂದು ಕ್ಲಾಸು ಒಗ್ಗಲಿಲ್ಲವೆಂದರೆ ನೀವು ದಡ್ಡರು ಎಂದಲ್ಲ, ಕಲಿಸುವ ರೀತಿ ನಿಮಗೆ ಹೊಂದಲಿಲ್ಲ ಅಷ್ಟೇ. ಯಾವ ಮಾತು ತುರ್ತಾಗಿ ಬೇಕೋ ಅದನ್ನೇ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ನಿಮ್ಮ ಭಾಷೆಯನ್ನು ಧಾರಾಳವಾಗಿ ಆಡಿ, ಅದರಿಂದ ಇಂಗ್ಲಿಷಿಗೆ ಕೇಡಿಲ್ಲ. ಮಗು ಎತ್ತಿಕೊಂಡೇ ಬನ್ನಿ, ಸುಮ್ಮನೆ ಕೂತು ಕೇಳಿ. ನಿಮ್ಮ ಮನೆಯ ಸಿಹಿಸುದ್ದಿ ನಿಮಗೇ ಮೊದಲು ತಿಳಿಯಲಿ.