ಪಡಿಯಚ್ಚು

ಅಪ್ಪನ ಸ್ಟುಡಿಯೋದಲ್ಲಿ ಫೋಟೋಗಿಂತ ಮಾತೇ ಹೆಚ್ಚು. ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಕ್ಲಿಕ್ಕಿಸುವ ಮೊದಲೇ ಇವರು ಯಾರ ಮಗ, ಯಾರ ಮೊಮ್ಮಗಳು ಎಂದು ಹೇಳಿಬಿಡುತ್ತಿದ್ದ. ಹೆಚ್ಚಿನ ಸಲ ಸರಿಯಾಗಿರುತ್ತಿತ್ತು. ತಪ್ಪಿದಾಗ ತಪ್ಪು ಗಿರಾಕಿಯ ಮುಖದ್ದೇ ಆಗಿರುತ್ತಿತ್ತು.

ಮನೆಯ ಮಕ್ಕಳನ್ನೂ ಹೀಗೇ ಹಂಚಿಬಿಟ್ಟಿದ್ದ. ದೊಡ್ಡವಳದು ಸೋದರತ್ತೆಯ ಮೂಗು, ಸೋದರತ್ತೆಯ ಹಣೆ, ಸೋದರತ್ತೆಯ ಮುಂಗೋಪ. ಅದಕ್ಕೇ ತೊಟ್ಟಿಲಲ್ಲಿದ್ದಾಗಿನಿಂದ ಅವಳು ಮರಿಯತ್ತೆ. ಚಿಕ್ಕವಳು ಮಾತ್ರ ಅಮ್ಮನ ಪಡಿಯಚ್ಚು.

ಅತ್ತೆ ಸತ್ತದ್ದು ಅಂಡಾಶಯದ ಕ್ಯಾನ್ಸರಿನಿಂದ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಸತ್ತದ್ದೂ ಅದರಿಂದಲೇ. ಆಗ ಅದನ್ನು ಹೊಟ್ಟೆನೋವು ಎನ್ನುತ್ತಿದ್ದರು. ಅತ್ತೆಯ ಕೊನೆಗಾಲದಲ್ಲಿ ಡಾಕ್ಟರು ಅವಳ ರಕ್ತ ಪರೀಕ್ಷೆ ಮಾಡಿಸಿ, ಇದು ವಂಶದಲ್ಲಿ ಇಳಿದುಬಂದ ಜೀನಿನ ದೋಷ, ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಅಪ್ಪ ಮಾಡಿಸಿಕೊಂಡ. ಅವನಲ್ಲೂ ಇತ್ತು. "ಗಂಡಸಿಗೆಲ್ಲಿ ಅಂಡಾಶಯ?" ಎಂದು ನಕ್ಕು, ಡಾಕ್ಟರು ಗಂಡಸರಿಗಿರುವ ಅಪಾಯ ವಿವರಿಸುತ್ತಿದ್ದಂತೆಯೇ ಎದ್ದುಬಂದ. ಹೊರಗೆ ಕಾಯುತ್ತಿದ್ದ ಮರಿಯತ್ತೆಯ ಮುಖ ಕಂಡಾಗ ಅವನ ನಗು ನಿಂತಿತು.

ತನಗೂ ಅದು ಬಂದಿದೆ ಎಂಬುದರಲ್ಲಿ ಮರಿಯತ್ತೆಗೂ ಅನುಮಾನವಿರಲಿಲ್ಲ. ಕನ್ನಡಿ ನೋಡಿಕೊಂಡವಳಿಗೆ ರಿಪೋರ್ಟು ಬೇರೆ ಯಾಕೆ? ಊಟ ಹೆಚ್ಚಾಗಿ ಹೊಟ್ಟೆ ಉಬ್ಬರಿಸಿದರೂ, ತನ್ನ ಸೀರೆಗಳು ಯಾರಿಗೆ ಸೇರಬೇಕೆಂದು ಮನಸ್ಸಿನಲ್ಲೇ ಹಂಚುತ್ತಿದ್ದಳು. ಅವಳು ರಕ್ತ ಕೊಟ್ಟ ದಿನ ತಂಗಿಯೂ ಜೊತೆಗೆ ಕೊಡಬೇಕಿತ್ತು. "ಮೊದ್ಲು ನಿಂದು ಬರ್ಲಿ ಅಕ್ಕ" ಎಂದು ಮೆಲ್ಲಗೆ ಜಾರಿಕೊಂಡಳು.

ಬಂತು. ಆಸ್ಪತ್ರೆಯ ಸಲಹೆಗಾರ್ತಿ ಕನ್ನಡಕ ಸರಿಮಾಡಿಕೊಂಡು ಹೇಳಿದಳು: "ನಿಮಗಿಲ್ಲ. ಬೇರೆ ಹೆಂಗಸರಿಗೆ ಎಷ್ಟು ಅಪಾಯವೋ ನಿಮಗೂ ಅಷ್ಟೇ."

"ಸರಿಯಾಗಿ ನೋಡಿದೀರಾ? ನಾನು ಥೇಟ್ ನಮ್ಮತ್ತೆ ಥರಾನೇ ಇದೀನಿ."

"ಇದು ಮೂಗಿನ ಜೊತೆ ಬರೋದಲ್ಲಮ್ಮ. ತಂದೇಲಿದ್ರೆ ಪ್ರತಿ ಮಗುಗೂ ಬೇರೆ ಬೇರೆಯಾಗಿ ಅರ್ಧಕ್ಕರ್ಧ ಸಾಧ್ಯತೆ. ನಿಮಗಿಲ್ಲ ಅನ್ನೋದರಿಂದ ತಂಗಿ ವಿಷಯ ಏನೂ ಗೊತ್ತಾಗಲ್ಲ. ಅವರನ್ನ ಯಾವಾಗ ಕಳಿಸ್ತೀರಿ?"

ಮರಿಯತ್ತೆಗೆ ಆದ ಖುಷಿಗೆ ಎದುರು ಸಿಕ್ಕವರನ್ನೆಲ್ಲ ತಬ್ಬಿಕೊಳ್ಳಬೇಕೆನಿಸಿತು. ಆಸ್ಪತ್ರೆಯ ಮೆಟ್ಟಿಲಿಳಿದು ಮುಗಿಯುವಷ್ಟರಲ್ಲಿ ಕೊನೆಯ ಪ್ರಶ್ನೆ ನೆನಪಾಗಿ ಆ ಖುಷಿ ಅರ್ಧ ಇಂಗಿತ್ತು.

ಸ್ಟುಡಿಯೋದಲ್ಲಿ ಅಪ್ಪ ಯಾರದೋ ಗದ್ದ ಎತ್ತಿಸುತ್ತಿದ್ದ. ತಂಗಿ ಪ್ರಿಂಟು ಕತ್ತರಿಸುತ್ತಿದ್ದಳು. ಸುದ್ದಿ ಕೇಳಿದ್ದೇ ಅಪ್ಪ ಕ್ಯಾಮೆರಾ ಕೆಳಗಿಟ್ಟ.

"ಪೀಡೆ ತೊಲಗ್ತು! ನಿನಗೇ ಇಲ್ಲ ಅಂದ್ಮೇಲೆ ಇವಳಿಗೆ ಎಲ್ಲಿಂದ ಬರ್ಬೇಕು?"

"ಬದುಕಿದೆ. ನಂಗೆ ಸೂಜಿ ಕಂಡ್ರೇ ಆಗಲ್ಲ" ಎಂದಳು ತಂಗಿ.

ಮರಿಯತ್ತೆಗೆ ಮೈ ಉರಿಯಿತು. ತನಗಿದೆ ಎಂದು ಬಂದಿದ್ದರೆ, ಅತ್ತೆಯ ಹಾಗಿರುವವಳಿಗೆ ಬಂತು, ಚಿಕ್ಕವಳು ಪಾರು ಎನ್ನುತ್ತಿದ್ದರು. ಇಲ್ಲ ಎಂದು ಬಂದರೂ ಚಿಕ್ಕವಳೇ ಪಾರು. ಇದೆಂಥ ನ್ಯಾಯ! ಸಲಹೆಗಾರ್ತಿ ಹೇಳಿದ್ದನ್ನೆಲ್ಲ ಒಪ್ಪಿಸಿದಳು. ಅಪ್ಪ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ.

"ನಲವತ್ತು ವರ್ಷದಿಂದ ಮುಖ ನೋಡ್ತಿದೀನಿ. ಇವಳಲ್ಲಿ ನಮ್ಮ ಕಡೇದು ಏನಿದೆ, ಹೇಳು?"

"ಅಪ್ಪ, ನೀನು ಯಾರ ಥರ ಇದೀಯ?"

"ನಮ್ಮಪ್ಪನ ಥರ. ಅದನ್ನೂ ಕೇಳ್ಬೇಕಾ? ನಮ್ಮಮ್ಮಂದು ಒಂದು ಕೂದಲೂ ಬಂದಿಲ್ಲ ನಂಗೆ."

"ಹಾಗಾದ್ರೆ ಅಜ್ಜಿದು ನಿನ್ನೊಳಗೆ ಹೇಗೆ ಬಂತು?"

ತಂಗಿಯ ಕತ್ತರಿ ನಿಂತಿತು. ಸ್ಟೂಲಿನ ಮೇಲಿದ್ದ ಗಿರಾಕಿ ಪಾಪ, ಎತ್ತಿದ ಗದ್ದ ಇಳಿಸಬಹುದೋ ಬಾರದೋ ತಿಳಿಯದೆ ಹಾಗೇ ಕೂತಿದ್ದ. ಅಪ್ಪ ತಂಗಿಯನ್ನೇ ನೋಡಿದ. ಅಮ್ಮನ ಕಣ್ಣು, ಅಮ್ಮನ ತುಟಿ. ಅದರಾಚೆಗೆ ಏನೂ ಕಾಣಲಿಲ್ಲ.

"ನಾಳೆ ಅಕ್ಕನ ಜೊತೆ ಹೋಗು" ಎಂದ.

ತಂಗಿಯಲ್ಲಿ ಇತ್ತು.

ಸಲಹೆಗಾರ್ತಿ ಅವಸರವಿಲ್ಲದೆ ವಿವರಿಸಿದಳು. ಇದು ಕಾಯಿಲೆಯಲ್ಲ, ಕಾಯಿಲೆಯ ಅಪಾಯ. ಅಂಡಾಶಯದ ಕ್ಯಾನ್ಸರನ್ನು ಮೊದಲೇ ಹಿಡಿಯುವ ನಂಬಿಕಸ್ಥ ಪರೀಕ್ಷೆ ಇಲ್ಲ. ಆದರೆ ಮಕ್ಕಳು ಬೇಕಿದ್ದರೆ ಮಾಡಿಕೊಂಡು, ಆಮೇಲೆ ಅಂಡಾಶಯ, ಗರ್ಭನಾಳ ಎರಡನ್ನೂ ತೆಗೆಸಿದರೆ ಅಪಾಯ ಬಹಳ ತಗ್ಗುತ್ತದೆ. ಈ ದೋಷವಿದ್ದವರಿಗೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚು, ಅದರ ತಪಾಸಣೆ ಈಗಿನಿಂದಲೇ ಶುರುವಾಗಬೇಕು. ಅತ್ತೆಗೆ ಸಿಗದ ಸಮಯ ಇವಳಿಗೆ ಸಿಕ್ಕಿದೆ. ತಂಗಿ ತಲೆಯಾಡಿಸುತ್ತ ಕೇಳಿದಳು. ಅತ್ತವಳು ಮರಿಯತ್ತೆ. ಅವತ್ತು ಮೆಟ್ಟಿಲ ಮೇಲೆ ಪಟ್ಟ ಖುಷಿಗೆ ಅವಳಿಗೆ ನಾಚಿಕೆಯಾಗಿತ್ತು.

ಸ್ಟುಡಿಯೋಗೆ ಮರಳಿದಾಗ ಅಪ್ಪ ದೀಪ ಹಾಕದೆ ಕೂತಿದ್ದ. "ಇವಳಿಗಿದೆಯಂತೆ" ಎಂದಳು ಮರಿಯತ್ತೆ.

"ನನ್ನಿಂದಾನೇ ಬಂತಲ್ಲೇ" ಎಂದ.

ತಂಗಿ ಅವನ ಪಕ್ಕ ಕೂತು ಭುಜಕ್ಕೆ ತಲೆಯಿಟ್ಟಳು. "ಬಿಡಪ್ಪ. ಹುಟ್ಟಿದಾಗಿನಿಂದ ನನ್ನನ್ನ ಪೂರ್ತಿ ಅಮ್ಮನಿಗೇ ಬಿಟ್ಕೊಟ್ಟಿದ್ದೆ. ನಿನ್ನ ಮಗಳೂ ಹೌದು ಅಂತ ಈಗ್ಲಾದ್ರೂ ನಂಬ್ತೀಯಲ್ಲ."

ಅಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.