ಎರಡು ಗಂಟೆಯ ದಾರಿ

ನೀಲಿ ಚುಕ್ಕೆ ಮತ್ತೆ ಮರೆಯಾಯಿತು, ಬೆಂಕಿಪೊಟ್ಟಣದಷ್ಟಿರುವ ಪೆಟ್ಟಿಗೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೂ ಜಾಲರಿಯೊಳಗೆ ಕಾಣಿಸದು, ಜೊತೆಗಿಟ್ಟ ಕೆಲಸಗಾರ ಜೇನುಗಳು, ಅವಳ ದಾಸಿಯರೆಲ್ಲ, ಸುತ್ತ ಮುತ್ತಿಕೊಂಡಿದ್ದಾರೆ, ರಾಣಿಜೇನು ಎಂದ ಮೇಲೆ ಅಷ್ಟು ಬಿಂಕ ಇರಬೇಕಾದ್ದೇ — ಗೂಡಿನ ಅಷ್ಟೊಂದು ಹುಳುಗಳ ನಡುವೆ ಗುರುತು ಸಿಗಲೆಂದು ಅವಳ ಬೆನ್ನಿಗೆ ನೀಲಿ ಬಣ್ಣ ಇಟ್ಟವಳು ನಾನೇ. ಮುಂದಿನ ಸೀಟಿನ ಪರದೆಯಲ್ಲಿ ಪುಟ್ಟ ವಿಮಾನ ಸಮುದ್ರಕ್ಕೆ ಅಂಟಿಕೊಂಡಂತೆ ನಿಂತಿದೆ, ಒಟ್ಟು ಹನ್ನೊಂದು ಸಾವಿರ ಕಿಲೋಮೀಟರ್, ಇನ್ನೂ ಅರ್ಧ ಬಾಕಿ, ನಮ್ಮ ಯಜಮಾನರು ಏನಂದರು, ಹತ್ತಕ್ಕೆ ಹೊರಡುತ್ತೆ, ಹನ್ನೆರಡಕ್ಕೆ ಇಳಿಯುತ್ತೆ, ಎರಡೇ ಗಂಟೆ ದಾರಿ ಕಣೇ, ಟಿಕೆಟ್ಟಲ್ಲೇ ಇದೆ ನೋಡು — ಆ ಹನ್ನೆರಡು ಅಲ್ಲಿಯ ಗಡಿಯಾರದ್ದು ಎಂದು ನನಗಾದರೂ ಹೊಳೆಯಿತೇ, ಪೈಲಟ್ ಹದಿನಾಲ್ಕೂವರೆ ಗಂಟೆಯ ಪ್ರಯಾಣ ಎಂದಾಗಲೇ ಗೊತ್ತಾದದ್ದು. ಎರಡು ಗಂಟೆಗೆ ಇದೇ ಜಾಸ್ತಿ ಎಂದು ಅವರು ಪೆಟ್ಟಿಗೆಯ ಮೂಲೆಗೆ ಮೆತ್ತಿದ್ದ ಬಟಾಣಿಯಷ್ಟು ಸಕ್ಕರೆಪಾಕ ಆಗಲೇ ಖಾಲಿ, ದಾಸಿಯರು ತಿಂದರೆ ತಾನೇ ರಾಣಿಗೆ ತುತ್ತು, ಬೈಯೋಣವೆಂದರೆ ಅವರ ಆ ಗಂಭೀರ ಮುಖ ನೆನಪಾಗಿ ನಗು ಬರುತ್ತದೆ.

ಅಕ್ಕಾ, ಗೂಡಿನ ಸದ್ದೇ ಬೇರೆ ಆಗಿದೆ, ರಾಣಿ ಸತ್ತೋಗಿದಾಳೆ, ಹುಳ ಎಲ್ಲಾ ದಿಕ್ಕಿಲ್ಲದೆ ಓಡಾಡ್ತಿವೆ, ಅಂಗಡಿ ರಾಣಿ ಬೇಡ, ಅಪ್ಪನ ಗೂಡಿಂದೇ ಬೇಕು — ದೇಶ ಬಿಡುವಾಗಲೂ ಅಳದ ತಂಗಿ ಅವತ್ತು ಫೋನಿನಲ್ಲಿ ಬಿಕ್ಕಿದಳು, ಈ ರಾಣಿ ತಲುಪದಿದ್ದರೆ ತಂಗಿಯ ಗೂಡೇ ಬರಿದಾಗುತ್ತದೆ, ಇಷ್ಟು ವರ್ಷ ಅಕ್ಕಾ ಬಾ ಎನ್ನದವಳು ಹುಳುವಿಗಾಗಿ ಕರೆದಳು, ಕಳ್ಳಿ, ನಾನೂ ಅದೇ ನೆಪ ಹಿಡಿದು ಹೊರಟೆನಲ್ಲ, ಜೇನು ಒಯ್ಯುವ ಕಾಗದಪತ್ರಕ್ಕೆ ಮುದ್ರೆ ಬೀಳುವವರೆಗೆ ನಿದ್ದೆಯಿರಲಿಲ್ಲ, ಈಗ ಮೋಡದ ಮೇಲೆ ಕೂತು ಹಾಯಾಗಿದ್ದೇನೆ, ಇದೊಂದು ದಿಗಿಲು ಬಿಟ್ಟರೆ. ಏನಾದ್ರೂ ಬೇಕಾಮ್ಮ, ಗಗನಸಖಿ ಬಗ್ಗಿದಳು, ಪೆಟ್ಟಿಗೆಯನ್ನು ಸ್ವೆಟರಿನ ಜೇಬಿಗೆ ಸೇರಿಸಿದೆ, ಸಕ್ಕರೆ ಬೇಕಿತ್ತು, ಟೀ ಜೊತೆಗಾ, ಟೀ ಬೇಡಮ್ಮ ಬರೀ ಸಕ್ಕರೆ, ಅವಳು ನನ್ನನ್ನೊಮ್ಮೆ ಜೇಬನ್ನೊಮ್ಮೆ ನೋಡಿ, ಪೆಟ್ಟಿಗೆ ಗುಂಯ್ ಎಂದಾಗ ಹಿಂದೆ ಸರಿದು, ಅಯ್ಯೋ ಇದೇನಿದು, ಹೆದರ್ಬೇಡ, ಜೇನುರಾಣಿಯವರು, ನನ್ನ ತಂಗಿ ಮನೆಗೆ ಹೊರಟಿದಾರೆ — ಹುಡುಗಿ ನಕ್ಕಳು, ಹಿಡಿ ತುಂಬ ಪೊಟ್ಟಣ ಸುರಿದು ಹೋದಳು.

ಪೆಟ್ಟಿಗೆಯನ್ನು ಮತ್ತೆ ಹೊರತೆಗೆದು ಬೆರಳನ್ನು ನೀರಿಗದ್ದಿ ಸಕ್ಕರೆಗೊತ್ತಿ ಜಾಲರಿಗೆ ಹಚ್ಚಿದೆ, ಯಾರೂ ಬರಲಿಲ್ಲ, ತಡವಾಯಿತೇ, ವಿಮಾನ ನಿಲ್ದಾಣದ ಬಾಗಿಲಲ್ಲಿ ತಂಗಿ ಮೊದಲು ನನ್ನ ಮುಖ ನೋಡುತ್ತಾಳೋ ಜೇಬನ್ನೋ, ಜೇಬನ್ನೇ, ನೋಡಲಿ, ಬರಿಗೈಯಲ್ಲಿ ಮಾತ್ರ ಇಳಿಯಲಾರೆ — ಒಬ್ಬಳು ನಾಲಿಗೆ ಚಾಚಿದಳು, ಬೆರಳ ತುದಿಯಲ್ಲಿ ಕಚಗುಳಿ, ಇನ್ನೊಬ್ಬಳು ಬಂದಳು, ಗುಂಪು ಸಡಿಲಿತು, ಮೊದಲು ನೆಕ್ಕಿದವಳು ಒಳಗೆ ತಿರುಗಿ ಯಾರದೋ ಬಾಯಿಗೆ ಬಾಯಿಟ್ಟಳು, ಯಾರದು, ಪಕ್ಕಕ್ಕೆ ಸರಿಯೇ ಸ್ವಲ್ಪ, ಕಾಣಲಿ — ಅಲುಗಿತು, ನೀಲಿ ಚುಕ್ಕೆ, ಅಲ್ಲಿ, ನೀಲಿ ಚುಕ್ಕೆ